ಕೊಡುವಾಗ ನೇರ ಗೆರೆ, ವಸೂಲಿಗೆ ಸುತ್ತುದಾರಿ

ಕಾನೂನುಗಳನ್ನು ಹೇಗೆ ಓದಿಕೊಳ್ಳಬೇಕು ಎಂದು ಹೇಳುವುದಕ್ಕೂ ನಮ್ಮಲ್ಲಿ ಒಂದು ಕಾನೂನಿದೆ: 1897ರ ಜನರಲ್ ಕ್ಲಾಸಸ್ ಆಕ್ಟ್. ವಕೀಲರಲ್ಲದವರು ಅದರ ಹೆಸರು ಕೇಳಿರುವುದು ಕಡಿಮೆ. ಅದರ 11ನೇ ಸೆಕ್ಷನ್ ಒಂದೇ ಒಂದು ವಾಕ್ಯದ್ದು. ಕೇಂದ್ರದ ಯಾವುದಾದರೂ ಕಾಯ್ದೆಯಲ್ಲಿ ದೂರದ ಮಾತು ಬಂದು, ಬೇರೆ ಉದ್ದೇಶ ಕಾಣಿಸದಿದ್ದರೆ, ಆ ದೂರವನ್ನು ಸಮತಲದ ಮೇಲೆ ನೇರ ಗೆರೆಯಲ್ಲಿ ಅಳೆಯಬೇಕು ಎಂಬುದು ಅದರ ತಾತ್ಪರ್ಯ. ನಡುವೆ ಹೊಳೆ ಹರಿಯುತ್ತಿದ್ದರೂ ಸರಿ, ಗುಡ್ಡ ಅಡ್ಡ ನಿಂತಿದ್ದರೂ ಸರಿ. ಗುಡ್ಡ ಹತ್ತಿ ಇಳಿಯುವ ಶ್ರಮವೂ ಲೆಕ್ಕಕ್ಕಿಲ್ಲ, ಸಮತಲ ಎಂದಮೇಲೆ ಮುಗಿಯಿತು. ಇದು ಬ್ರಿಟಿಷ್ ಸಂಸತ್ತು 1889ರಲ್ಲಿ ತನಗಾಗಿ ಬರೆದುಕೊಂಡ ಇಂಟರ್‌ಪ್ರಿಟೇಷನ್ ಆಕ್ಟ್‌ನ ಮಾತು. ಎಂಟು ವರ್ಷಗಳ ಬಳಿಕ ಹೆಚ್ಚುಕಡಿಮೆ ಹಾಗೆಹಾಗೆಯೇ ಹಡಗು ಹತ್ತಿ ಇಲ್ಲಿಗೆ ಬಂತು. ವಿಜ್ಞಾನದ ಮೇಷ್ಟರೊಬ್ಬರ ಕೈಗೆ ಈ ಸೆಕ್ಷನ್ ಕೊಟ್ಟರೆ ಅವರು ಕೆಂಪು ಶಾಯಿಯಲ್ಲಿ ಗೀಟು ಹಾಕದೆ ಬಿಡಲಾರರು. ಇಲ್ಲಿ ಹೆಸರು ಹೇಳಿರುವುದು ದೂರದ್ದು, ಅಳೆಯಲು ಹೇಳಿರುವುದು ಸ್ಥಾನಪಲ್ಲಟವನ್ನು.

ಇವೆರಡರ ವ್ಯತ್ಯಾಸವನ್ನು ನಮ್ಮ ಮಕ್ಕಳು ಒಂಬತ್ತನೇ ತರಗತಿಯಲ್ಲೇ ಕಲಿಯುತ್ತಾರೆ. ನಡೆದ ದಾರಿಯ ಒಟ್ಟು ಉದ್ದ ದೂರ. ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಗೆರೆ ಸ್ಥಾನಪಲ್ಲಟ. ದಾರಿ ನೆಟ್ಟಗಿದ್ದು, ಹೋದವನು ಎಲ್ಲೂ ಹಿಂದೆ ತಿರುಗದಿದ್ದರೆ ಎರಡೂ ಒಂದೇ. ದಾರಿ ಬಾಗಿದ ಕ್ಷಣದಿಂದ ಎರಡೂ ಬೇರೆಯಾಗುತ್ತವೆ. ಅರ್ಧ ವೃತ್ತದ ದಾರಿಯಲ್ಲಿ ಹೋದವನು ನೇರ ಗೆರೆಯ ಒಂದೂವರೆ ಪಾಲಿಗಿಂತ ತುಸು ಹೆಚ್ಚು, ಲೆಕ್ಕ ಹಿಡಿದರೆ 1.57ರಷ್ಟು, ನಡೆದಿರುತ್ತಾನೆ. ಮುಕ್ಕಾಲು ವೃತ್ತ ಸುತ್ತಿದರೆ ಇದೇ ಪ್ರಮಾಣ ಮೂರನ್ನು ದಾಟುತ್ತದೆ. ವೃತ್ತ ಪೂರ್ತಿಯಾದರೆ ಸ್ಥಾನಪಲ್ಲಟ ಸೊನ್ನೆ. ಪಠ್ಯಪುಸ್ತಕದ ಅಭ್ಯಾಸದಲ್ಲಿ ಬರುವ ಓಟಗಾರನೊಬ್ಬ 200 ಮೀಟರ್ ವ್ಯಾಸದ ಮೈದಾನದಲ್ಲಿ ಮೂರೂವರೆ ಸುತ್ತು ಓಡುತ್ತಾನೆ. ಅವನು ಓಡಿದ್ದು 2,200 ಮೀಟರ್, ಸ್ಥಾನಪಲ್ಲಟ ಬರೀ 200 ಮೀಟರ್. ಎರಡೂ ಉತ್ತರ ಸರಿ. ಆದರೆ ಅವನ ಕಾಲು ಎಷ್ಟು ನೋಯುತ್ತಿದೆ ಎಂದು ತಿಳಿಯಬೇಕಾದರೆ ಮೊದಲನೆಯದನ್ನೇ ನೋಡಬೇಕು. ಸರ್ಕಾರ ಎರಡನೆಯದನ್ನು ನೋಡುತ್ತದೆ ಎಂಬುದು ನನ್ನ ತಕರಾರಿನ ಅರ್ಧ ಭಾಗ ಮಾತ್ರ. ಯಾವಾಗ ಯಾವುದನ್ನು ನೋಡುತ್ತದೆ ಎಂಬ ಆಯ್ಕೆಯಲ್ಲಿ ಅದು ತೋರಿಸುವ ಜಾಣತನ ಉಳಿದರ್ಧ. ಜನರಿಂದ ಪಡೆಯುವಾಗ ಅದು ದಾರಿಯ ಒಂದೊಂದು ತಿರುವನ್ನೂ ಎಣಿಸುತ್ತದೆ. ಜನರಿಗೆ ಕೊಡಬೇಕಾದಾಗ ನಕ್ಷೆ ಹರವಿ, ಕೈವಾರ ಹಿಡಿದು ವೃತ್ತ ಬರೆಯುತ್ತದೆ.

ಕನ್ನಡಕ್ಕೆ ಈ ಗೊಂದಲ ಮೊದಲು ಇದ್ದಂತಿಲ್ಲ. ನೇರ ಗೆರೆಗೆ ಒಂದು ಮಾತು, ದಾರಿಗೆ ಇನ್ನೊಂದು ಮಾತು ನಮ್ಮ ಹಿರಿಯರ ಬಾಯಲ್ಲಿತ್ತು. ಕೂಗಳತೆ ಎಂದರೆ ದನಿ ತಲುಪುವಷ್ಟು. ದನಿ ಕಣಿವೆಯನ್ನು ಹಾರಿ ನೇರವಾಗಿ ಹೋಗುತ್ತದೆ. ಹರದಾರಿ ಎಂದರೆ ಕಾಲು ಸವೆಸುವ ಅಳತೆ, ಆ ಮಾತಿನೊಳಗೇ ದಾರಿ ಕೂತಿದೆ. ಆಚೆ ಗುಡ್ಡದ ಮನೆ ಕೂಗಳತೆಯಲ್ಲಿದ್ದರೂ ಹೋಗಿ ಬರುವಷ್ಟರಲ್ಲಿ ಹೊತ್ತು ಇಳಿಯುತ್ತದೆ ಎಂದರೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಾತು ಇದ್ದದ್ದರಿಂದ ಎರಡು ಬೇರೆ ಸಂಗತಿಗಳೆಂಬ ಅರಿವೂ ಇತ್ತು. ಕಿಲೋಮೀಟರು ಬಂದು ಎರಡನ್ನೂ ಒಂದೇ ಮೂಟೆಗೆ ಕಟ್ಟಿತು. ಈಗ ಕಡತದಲ್ಲಿ 3 ಕಿ.ಮೀ. ಎಂದು ಬರೆದಿದ್ದರೆ ಅದು ಕೂಗಿದ್ದೋ ನಡೆದದ್ದೋ ತಿಳಿಯುವುದಿಲ್ಲ.

ವಸೂಲಿಯ ಕಡೆ ಮೊದಲು ನೋಡೋಣ, ಅಲ್ಲಿ ಲೆಕ್ಕ ಎಷ್ಟು ಚೊಕ್ಕ ಎಂದು ಕಾಣುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಯಾವುದರ ಅಂಚಿನಲ್ಲಿ ನಿಂತರೂ ಕೆಳಗಿನ ಸುತ್ತಿನಲ್ಲಿ ಬರುವ ಬಸ್ಸು ಕಲ್ಲೆಸೆತದಲ್ಲಿ ಕಾಣುತ್ತದೆ. ಬಸ್ಸಿನ ಟಿಕೆಟ್ಟು ಮಾತ್ರ ಅಷ್ಟೂ ತಿರುವುಗಳನ್ನು ಸೇರಿಸಿಕೊಂಡ ಸ್ಟೇಜಿನ ಲೆಕ್ಕದ್ದು. ಟೋಲ್ ಕಟ್ಟುವುದು ರಸ್ತೆಯ ಉದ್ದಕ್ಕೆ. ಬೆಂಗಳೂರಿನ ಮೆಟ್ರೊ ದರ ಹಳಿಯ ಉದ್ದಕ್ಕೆ; ಎರಡು ನಿಲ್ದಾಣಗಳ ನಡುವೆ ಸ್ಕೇಲು ಇಟ್ಟು ಯಾರೂ ಟಿಕೆಟ್ಟು ಕೊಡುವುದಿಲ್ಲ. ರೈಲ್ವೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲ್ವೆಯಲ್ಲಿ ಹಳಿ ಹಾಕಿದ ಖರ್ಚು ಹೆಚ್ಚೆಂಬ ಕಾರಣಕ್ಕೆ ಇರುವ ಕಿಲೋಮೀಟರಿಗಿಂತ ಹಿಗ್ಗಿಸಿದ ಕಿಲೋಮೀಟರಿಗೆ ದರ ಹಾಕುವ ಪದ್ಧತಿ ಬಂತು. ಅಂದರೆ ಬೆಟ್ಟ ಕಡಿದದ್ದು, ಹೊಳೆ ದಾಟಿಸಿದ್ದು ಕಷ್ಟದ ಕೆಲಸ, ಅದನ್ನು ಬರಿಯ ಉದ್ದ ತೋರಿಸಲಾರದು ಎಂದು ಒಪ್ಪಿಕೊಂಡ ಹಾಗಾಯಿತು. ತತ್ವವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಅದೇ ಬೆಟ್ಟವನ್ನು ಚೀಲ ಹೊತ್ತು ಹತ್ತುವ ಹತ್ತು ವರ್ಷದ ಹುಡುಗಿಗೂ ಈ ತತ್ವ ಅನ್ವಯಿಸಬೇಕಿತ್ತು.

ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಇನ್ನೂ ಬಿಚ್ಚಿಕೊಳ್ಳುತ್ತದೆ. ಸರ್ಕಾರಿ ನೌಕರರು ಕೆಸಿಎಸ್‌ಆರ್ ಎಂದು ಕರೆಯುವ ಕರ್ನಾಟಕದ ನಾಗರಿಕ ಸೇವಾ ನಿಯಮಗಳಲ್ಲಿ ಪ್ರಯಾಣ ಭತ್ಯೆಯ ಲೆಕ್ಕಕ್ಕೆ ಆಧಾರ ಸಂಚಾರಕ್ಕೆ ಒದಗುವ ದಾರಿಗಳಲ್ಲಿ ಹತ್ತಿರದ್ದು. ಅಧಿಕಾರಿಯನ್ನು ನೇರ ಗೆರೆಯ ಮೇಲೆ ಹಾರಿಸಿ ಯಾವ ಖಜಾನೆಯೂ ಬಿಲ್ಲು ಪಾಸು ಮಾಡುವುದಿಲ್ಲ. ಜೀಪು ಓಡಿದ ದಾರಿಗೆ ದುಡ್ಡು. ಇನ್ನೊಂದು ಕಡೆ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಎರಡನೇ ಅನುಸೂಚಿ. ಕೂಲಿ ಕೇಳಿದವರಿಗೆ ಊರಿನಿಂದ ಐದು ಕಿಲೋಮೀಟರ್ ತ್ರಿಜ್ಯದೊಳಗೆ ಕೆಲಸ ಕೊಡಬೇಕು, ಅದರಾಚೆ ಕೊಟ್ಟರೆ ಓಡಾಟದ ಖರ್ಚಿಗೆಂದು ಶೇ 10ರಷ್ಟು ಹೆಚ್ಚು ಕೂಲಿ ಸೇರಿಸಬೇಕು ಎಂದು ಅಲ್ಲಿ ಬರೆದಿತ್ತು. ತ್ರಿಜ್ಯ ಎಂಬ ಪದವನ್ನು ಗಮನಿಸಿ. ಒಂದು ಊರಿನ ಕೆಲಸದ ಜಾಗ ಹೊಳೆಯ ಆಚೆ, ನೇರ ಗೆರೆಯಲ್ಲಿ ನಾಲ್ಕು ಕಿಲೋಮೀಟರ್, ಸೇತುವೆ ಬಳಸಿ ಹೋದರೆ ಹನ್ನೊಂದು ಕಿಲೋಮೀಟರ್ ಎಂದು ಊಹಿಸಿಕೊಳ್ಳೋಣ. ಕೂಲಿಯವಳು ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಓಡಾಡಿಯೂ ವೃತ್ತದ ಒಳಗೇ ಇರುತ್ತಾಳೆ. ಆ ಶೇ 10 ಅವಳಿಗೆ ಸಿಗುವುದಿಲ್ಲ. ಅದೇ ಕೆಲಸದ ಅಳತೆ ತೆಗೆಯಲು ಅದೇ ದಾರಿಯಲ್ಲಿ ಬಂದ ಅಧಿಕಾರಿಗೆ ಹನ್ನೊಂದೂ ಕಿಲೋಮೀಟರಿನ ಲೆಕ್ಕ. ಇಬ್ಬರೂ ಬಂದದ್ದು ಒಂದೇ ದಾರಿ, ಒಬ್ಬರದು ದೂರ, ಇನ್ನೊಬ್ಬರದು ಸ್ಥಾನಪಲ್ಲಟ. ಇದನ್ನು ಯಾರೋ ಕುಳಿತು ಹೂಡಿದ ಸಂಚು ಎನ್ನುವುದಿಲ್ಲ. ತಮ್ಮ ಪ್ರಯಾಣದ ನಿಯಮ ಬರೆದವರಿಗೆ ದಾರಿಯ ಅನುಭವವಿತ್ತು. ಇನ್ನೊಬ್ಬರ ಪ್ರಯಾಣದ ನಿಯಮ ಬರೆದವರ ಮುಂದೆ ನಕ್ಷೆಯಿತ್ತು. ಇಷ್ಟೇ ಆಗಿರಬಹುದು. ಪರಿಣಾಮ ಮಾತ್ರ ಸಂಚಿಗಿಂತ ಬೇರೆಯೇನಲ್ಲ.

ಶಾಲೆಗಳ ವಿಷಯ ಇದಕ್ಕಿಂತ ತೊಡಕಿನದು, ಏಕೆಂದರೆ ಅಲ್ಲಿ ಸರಿಯಾದ ಮಾತು ಒಮ್ಮೆ ಬರೆದಾಗಿದೆ. ಕಡ್ಡಾಯ ಶಿಕ್ಷಣ ಹಕ್ಕಿನ ಕಾಯ್ದೆಗೆ ಕೇಂದ್ರ 2010ರಲ್ಲಿ ಮಾಡಿದ ನಿಯಮಗಳು ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರಿಗೆ ಮೂರು ಕಿಲೋಮೀಟರ್ ನಡಿಗೆಯ ದೂರದಲ್ಲಿ ಶಾಲೆ ಇರಬೇಕು ಎನ್ನುತ್ತವೆ. ನಡಿಗೆಯ ದೂರ ಎಂದಿದ್ದಾರೆ, ತ್ರಿಜ್ಯ ಎಂದಿಲ್ಲ. ದುರ್ಗಮ ಜಾಗ, ಗುಡ್ಡ ಕುಸಿಯುವ ಜಾಗ, ನೆರೆ ಬರುವ ಜಾಗ, ರಸ್ತೆಯಿಲ್ಲದ ಜಾಗಗಳಲ್ಲಿ ಈ ಮಿತಿಯನ್ನು ಇನ್ನೂ ಇಳಿಸಬೇಕು ಎಂಬ ಮಾತೂ ಅಲ್ಲಿದೆ. ಹತ್ತಿರ ಶಾಲೆಯಿಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ವಾಹನವೋ ವಸತಿಯೋ ಒದಗಿಸಬೇಕು ಎಂದೂ ಇದೆ. ಇದನ್ನು ಬರೆದವರಿಗೆ ಮಗುವಿನ ಕಾಲು ಕಂಡಿತ್ತು. ಹತ್ತು ವರ್ಷ ಕಳೆದು ಬಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲಾ ಸಂಕೀರ್ಣದ ಮಾತು ಬರುವಾಗ ಅಳತೆ ಐದರಿಂದ ಹತ್ತು ಕಿಲೋಮೀಟರಿನ ತ್ರಿಜ್ಯವಾಗಿದೆ. ಸಂಕೀರ್ಣ ಎಂದರೆ ಶಾಲೆಗಳು ಗ್ರಂಥಾಲಯ, ಪ್ರಯೋಗಾಲಯ, ವಿಷಯವಾರು ಶಿಕ್ಷಕರನ್ನು ಹಂಚಿಕೊಳ್ಳುವ ಏರ್ಪಾಡು, ಮಕ್ಕಳೆಲ್ಲ ದಿನವೂ ಹತ್ತು ಕಿಲೋಮೀಟರ್ ನಡೆಯಬೇಕೆಂಬ ಆದೇಶವಲ್ಲ ಎನ್ನುವುದು ನಿಜವೇ. ಆದರೆ ಮಕ್ಕಳಿಲ್ಲದ ಶಾಲೆಗಳನ್ನು ಇನ್ನೊಂದಕ್ಕೆ ಸೇರಿಸುವ ಚರ್ಚೆ ರಾಜ್ಯ ರಾಜ್ಯಗಳಲ್ಲಿ ಎದ್ದಿರುವ ಈ ಹೊತ್ತಿನಲ್ಲಿ ಅಧಿಕಾರಿಯ ಮೇಜಿನ ಮೇಲೆ ಬಂದು ಕೂರುವ ಪದ ತ್ರಿಜ್ಯವಾದರೆ ನಡಿಗೆಯ ದೂರ ನಿಯಮದ ಪುಸ್ತಕದಲ್ಲೇ ಉಳಿದುಹೋಗುತ್ತದೆ. ಚಿತ್ರದುರ್ಗದ ಬಯಲಲ್ಲಿ ಮೂರು ಕಿಲೋಮೀಟರಿನ ವೃತ್ತ ಎಳೆದರೆ ಅದರೊಳಗಿನ ಊರುಗಳು ಹೆಚ್ಚುಕಡಿಮೆ ಮೂರು ಕಿಲೋಮೀಟರಲ್ಲೇ ಇರಬಹುದು. ಅದೇ ಕೈವಾರವನ್ನು ಹೊಸನಗರದಲ್ಲೋ ಜೋಯಿಡಾದಲ್ಲೋ ಊರಿದರೆ ವೃತ್ತದೊಳಗೆ ಒಂದು ಕಣಿವೆ, ಎರಡು ಹಳ್ಳ, ಮಳೆಗಾಲದಲ್ಲಿ ಮುಚ್ಚಿಹೋಗುವ ಒಂದು ಕಾಲುದಾರಿ ಸಿಕ್ಕುತ್ತವೆ.

ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರವೋ ಹಲಗೆಯೋ ಹಾಸಿ ಮಾಡಿದ ಕಾಲುಸಂಕಗಳು ಮಲೆನಾಡು ಕರಾವಳಿಯ ತುಂಬ ಇನ್ನೂ ಇವೆ. ಅವು ಏಕೆ ಇವೆ ಎಂಬ ಪ್ರಶ್ನೆಗೆ ಭೌತಶಾಸ್ತ್ರದ ಭಾಷೆಯಲ್ಲೇ ಉತ್ತರ ಹೇಳಬಹುದು. ದೂರವನ್ನು ಸ್ಥಾನಪಲ್ಲಟದ ಹತ್ತಿರ ಎಳೆದು ತರಲು ಬಡವರು ತಾವೇ ಹೂಡಿದ ಉಪಾಯ ಅದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಅಂಥ ಸಂಕದಿಂದ ಜಾರಿ ತುಂಬಿದ ಹಳ್ಳದಲ್ಲಿ ಕೊಚ್ಚಿಹೋದಳು. ಸಂಕವನ್ನು ಬಿಟ್ಟು ಸುತ್ತಿ ಬಂದಿದ್ದರೆ ದೂರ ಹೆಚ್ಚು, ಅಪಾಯ ಕಡಿಮೆ. ಸಂಕ ದಾಟಿದರೆ ದೂರ ಕಡಿಮೆ, ಅಪಾಯ ಹೆಚ್ಚು. ಈ ಆಯ್ಕೆಯನ್ನು ದಿನಕ್ಕೆರಡು ಸಲ ಮಕ್ಕಳು ಮಾಡಬೇಕಾಗಿ ಬಂದಿರುವ ಕಡೆ, ಶಾಲೆ ಹತ್ತಿರದಲ್ಲೇ ಇದೆ ಎನ್ನುವ ಕಡತ ಸುಳ್ಳನ್ನೂ ಹೇಳುತ್ತಿಲ್ಲ, ನಿಜವನ್ನೂ ಹೇಳುತ್ತಿಲ್ಲ.

ದೂರ ಎಂಬುದು ದೇವರು ಬರೆದಿಟ್ಟ ಅಂಕಿಯಲ್ಲ, ಸ್ಥಾನಪಲ್ಲಟ ಬೇಕಾದರೆ ಹಾಗೆ ಅನ್ನಬಹುದು. ಎರಡು ದಡಗಳ ನಡುವಿನ ನೇರ ಗೆರೆ ನೂರು ವರ್ಷಕ್ಕೂ ಅಷ್ಟೇ. ದಡಗಳ ನಡುವಿನ ದೂರವನ್ನು ಒಂದು ಸೇತುವೆ ಒಂದೇ ಬೆಳಗ್ಗೆ ಹತ್ತರಲ್ಲಿ ಒಂದಕ್ಕೆ ಇಳಿಸಬಲ್ಲದು. 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಗಿರೀಶ್ ಭಾರದ್ವಾಜ್ ಆಮೇಲೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅವರು ಯಾವ ಊರನ್ನೂ ಇನ್ನೊಂದರ ಹತ್ತಿರಕ್ಕೆ ಸರಿಸಲಿಲ್ಲ. ನಕ್ಷೆಯ ಮೇಲೆ ಆಗಲೇ ಇದ್ದ ಹತ್ತಿರವನ್ನು ನೆಲದ ಮೇಲೆ ನಿಜ ಮಾಡಿದರು. ಶರಾವತಿ ಹಿನ್ನೀರಿನ ಕಥೆ ಇದಕ್ಕೆ ತದ್ವಿರುದ್ಧವಾಗಿ ಶುರುವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳು ಮುಳುಗಿದವು, ಜನ ಚದುರಿದರು. ಸ್ಥಾನಪಲ್ಲಟ ಎಂಬ ಪದಕ್ಕೆ ಅಲ್ಲಿ ಇನ್ನೊಂದು ಅರ್ಥ ಇದೆ, ಅದನ್ನು ಯಾವ ಪಠ್ಯಪುಸ್ತಕವೂ ಸೂತ್ರದಲ್ಲಿ ಹೇಳಲಾರದು. ಮುಳುಗದೆ ಉಳಿದ ತುಮರಿ ಭಾಗದ ಊರುಗಳಿಗೆ ಆದದ್ದು ಬೇರೆ ಬಗೆಯ ನಷ್ಟ. ಅವರು ಇದ್ದಲ್ಲೇ ಇದ್ದರು, ಸಾಗರ ಪಟ್ಟಣವೂ ಇದ್ದಲ್ಲೇ ಇತ್ತು, ನೇರ ಗೆರೆ ಒಂದು ಗೇಣೂ ಬದಲಾಗಲಿಲ್ಲ, ದಾರಿ ಮಾತ್ರ ನೀರಿನ ಅಡಿ ಹೋಯಿತು. ಆರು ದಶಕ ಲಾಂಚ್‌ನ ವೇಳಾಪಟ್ಟಿಗೆ ಬದುಕು ಕಟ್ಟಿಕೊಂಡರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಸ್ಪತ್ರೆಗೆ ಹೋಗಬೇಕಾದವರಿಗೂ ಹಲವಾರು ಮೈಲಿ ಸುತ್ತುದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಅಣೆಕಟ್ಟಿನ ಪರಿಹಾರದ ಲೆಕ್ಕ ಬರೆದವರ ಕೈಯಲ್ಲಿ ಮುಳುಗಿದ ಎಕರೆಗಳ ಪಟ್ಟಿ ಇತ್ತು. ಉದ್ದವಾದ ದಾರಿಗಳಿಗೆ ಅಂಥದೊಂದು ಪಟ್ಟಿ ಮಾಡಿದ್ದರೆ ಸೇತುವೆ 2025ರವರೆಗೆ ಕಾಯುತ್ತಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದು.

ನೇರ ಗೆರೆಯ ಪರ ವಾದಿಸುವವರ ಬಳಿ ಒಂದು ಗಟ್ಟಿ ಮಾತಿದೆ. ಗೆರೆ ಖಚಿತ, ದಾರಿ ಅಲ್ಲ. ಬಾಗಿದ್ದನ್ನು ಅಳೆಯುವಾಗ ಎಷ್ಟು ಸಣ್ಣ ಕೋಲು ಹಿಡಿದರೆ ಅಷ್ಟು ಉದ್ದ ಬರುತ್ತದೆ. ಭಾರತದ ಕರಾವಳಿಯ ಉದ್ದ 7,516 ಕಿಲೋಮೀಟರ್ ಎಂದು 1970ರ ದಶಕದ ಅಳತೆಯಿಂದ ಓದಿಕೊಂಡು ಬಂದಿದ್ದೆವು. ಈಚೆಗೆ ಇನ್ನೂ ವಿವರವಾದ ನಕ್ಷೆ ಇಟ್ಟು ಅಳೆದಾಗ ಅದು 11,098 ಕಿಲೋಮೀಟರ್ ಆಯಿತು. ಸಮುದ್ರ ಹೆಚ್ಚಲಿಲ್ಲ, ನೆಲವೂ ಹೆಚ್ಚಲಿಲ್ಲ, ಅಳತೆಗೋಲು ಸಣ್ಣದಾಯಿತು. ಹೀಗಿರುವಾಗ ಕಾನೂನು ದಾರಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಕರಾವಳಿಗೆ ಈ ತೊಡಕು ಇರುವುದು ಅಲ್ಲಿ ನಡೆಯುವವರು ಯಾರೂ ಇಲ್ಲದ್ದರಿಂದ. ಒಂದೊಂದು ಬಂಡೆಯ ಸಂದಿಗೂ ಕೋಲು ಇಳಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಅಲ್ಲಿ ಬೇರೆ ಆಧಾರವಿಲ್ಲ. ಶಾಲೆಯ ದಾರಿಗೆ ಅಳತೆಗೋಲು ಮೊದಲೇ ಗೊತ್ತಾಗಿದೆ: ಮಗುವಿನ ಹೆಜ್ಜೆ. ಬಸ್ಸಿನ ದಾರಿಗೆ ಗಾಲಿ. ಸ್ಟೇಜು ಗೊತ್ತು ಮಾಡುವ ಸಾರಿಗೆ ಇಲಾಖೆಗೆ, ರಸ್ತೆಗೆ ಕಿಲೋಮೀಟರ್ ಕಲ್ಲು ನೆಡುವ ಲೋಕೋಪಯೋಗಿ ಇಲಾಖೆಗೆ ಈ ಅನಿಶ್ಚಿತತೆ ಎಂದೂ ಕಾಡಿದ ಹಾಗಿಲ್ಲ.

ದಾರಿಯ ಅಳತೆಯನ್ನು ಜನ ತಿರುಚಬಹುದು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಕೇರಳ ಒಳ್ಳೆಯ ಪುರಾವೆಯನ್ನೇ ಒದಗಿಸಿದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. ಮರುವರ್ಷ ಅದು ಜಾರಿಗೆ ಬಂದಾಗ ಕೊಚ್ಚಿ ಬಳಿಯ ಉತ್ತರ ಪರವೂರಿನ ಬಾರೊಂದು ತನ್ನ ಅಂಗಳದಲ್ಲಿ ಅಡ್ಡಗೋಡೆಗಳನ್ನು ನಿಲ್ಲಿಸಿ ಚಕ್ರವ್ಯೂಹದಂಥ ಓಣಿ ಮಾಡಿತು. ಗಿರಾಕಿ ಹಾವಿನಂತೆ ಹೊರಳುತ್ತ ನೂರಾರು ಮೀಟರ್ ನಡೆದು ಬಾಗಿಲು ಮುಟ್ಟಬೇಕು. ನಡೆಯುವ ದಾರಿಯ ಲೆಕ್ಕದಲ್ಲಿ ಅಂಗಡಿ ಹೆದ್ದಾರಿಯಿಂದ ದೂರ ಸರಿದಿತ್ತು, ಜಾಗ ಬಿಟ್ಟು ಕದಲಿರಲಿಲ್ಲ. ನಗು ಬರುವ ಪ್ರಸಂಗ. ಇದರಿಂದ ಕಲಿಯಬೇಕಾದ್ದು ದಾರಿಯ ಅಳತೆಯೇ ಕೆಟ್ಟದ್ದು ಎಂದಲ್ಲ. ತಡೆಯುವ ನಿಯಮಕ್ಕೂ ಒದಗಿಸುವ ನಿಯಮಕ್ಕೂ ಒಂದೇ ಅಳತೆ ಒಗ್ಗುವುದಿಲ್ಲ ಎಂದು. ತಡೆಯುವ ಕಡೆ ದಾರಿ ಉದ್ದವಾದಷ್ಟೂ ಅಂಗಡಿಯವನಿಗೆ ಲಾಭ, ಆದ್ದರಿಂದ ಅವನು ಸುತ್ತಿಸುತ್ತಾನೆ. ಒದಗಿಸುವ ಕಡೆ ದಾರಿ ಉದ್ದವಾಗಲಿ ಎಂದು ಬಯಸಿ ಮನೆಯ ಸುತ್ತ ಗೋಡೆ ಕಟ್ಟುವ ತಂದೆ ತಾಯಿ ಎಲ್ಲಿದ್ದಾರೆ? ಯಾವ ಅಳತೆ ಬೇಕು ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಎರಡು ಜಾಗಗಳ ನಡುವೆ ಸಾಗುತ್ತಿರುವುದು ಏನು? ಕಲ್ಲು ಕ್ವಾರಿಯ ಸಿಡಿತದ ಅದುರು, ದೂಳು, ಧ್ವನಿವರ್ಧಕದ ಗದ್ದಲ, ಕಾರ್ಖಾನೆಯ ಹೊಗೆ ಇವೆಲ್ಲ ರಸ್ತೆ ನೋಡಿಕೊಂಡು ಬರುವುದಿಲ್ಲ. ಅಲ್ಲಿ ನೇರ ಗೆರೆಯೇ ನ್ಯಾಯ, 1897ರ ಸೆಕ್ಷನ್ನಿಗೆ ಅಲ್ಲಿ ಕೈಮುಗಿಯಬಹುದು. ಸಾಗುವುದು ಮನುಷ್ಯರಾದರೆ ದಾರಿಯನ್ನೇ ಅಳೆಯಬೇಕು.

ಸರಾಸರಿಯ ಮಾತು ಆಡುವವರೂ ಇದ್ದಾರೆ. ದೂರಕ್ಕೂ ನೇರ ಗೆರೆಗೂ ಒಟ್ಟಾರೆ ಅಂಥ ಅಂತರವೇನಿಲ್ಲ, ಬೇಕಾದರೆ ಒಂದು ಗುಣಕ ಸೇರಿಸಿದರಾಯಿತು ಎಂಬುದು ಅವರ ವಾದ. ಉದ್ದ ಪ್ರಯಾಣದಲ್ಲಿ ಇದು ನಿಜವೂ ಹೌದು. ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆ ಸುಮಾರು 300 ಕಿಲೋಮೀಟರ್, ಶಿರಾಡಿ ಘಾಟಿಯ ದಾರಿ ಸುಮಾರು 350. ಇಡೀ ಪಶ್ಚಿಮ ಘಟ್ಟವನ್ನು ಇಳಿದೂ ಹೆಚ್ಚಾದದ್ದು ಆರರಲ್ಲಿ ಒಂದು ಪಾಲು. ಆದರೆ ದಾರಿ ಚಿಕ್ಕದಾದಷ್ಟೂ ಗುಣಕಕ್ಕೆ ಹುಚ್ಚು ಹಿಡಿಯುತ್ತದೆ. ಎದುರುಬದುರು ದಡದ ಎರಡು ಮನೆಗಳ ನಡುವೆ ನೇರ ಗೆರೆ 200 ಮೀಟರ್, ಸೇತುವೆ ಆರು ಕಿಲೋಮೀಟರ್ ಕೆಳಗೆ ಎಂದುಕೊಳ್ಳಿ. ಹೋಗಿ ದಾಟಿ ವಾಪಸು ಬರುವ ದೂರ ಹನ್ನೆರಡು ಕಿಲೋಮೀಟರ್, ಅಂದರೆ ಅರವತ್ತು ಪಟ್ಟು. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಉಪಕೇಂದ್ರ ಇವೆಲ್ಲ ಚಿಕ್ಕ ದಾರಿಯ ವ್ಯವಹಾರಗಳು. ಸರಾಸರಿ ತೆಗೆದರೆ ಬಯಲುಸೀಮೆಯ ನೂರು ಊರುಗಳ ನೆಟ್ಟಗಿನ ರಸ್ತೆ ಹೊಳೆಯಾಚೆಯ ನಾಲ್ಕು ಮನೆಗಳ ಕಷ್ಟವನ್ನು ನುಂಗಿಹಾಕುತ್ತದೆ. ನಿಯಮ ಬೇಕಾಗಿರುವುದು ಆ ನಾಲ್ಕು ಮನೆಗಳಿಗೇ, ಉಳಿದವರಿಗೆ ನಿಯಮ ಇಲ್ಲದಿದ್ದರೂ ನಡೆಯುತ್ತಿತ್ತು. ಇನ್ನು ಗುಡ್ಡ ಕುಸಿದು ಶಿರಾಡಿ ಮುಚ್ಚಿದ ಮಳೆಗಾಲಗಳಲ್ಲಿ ಆ 350 ಕೂಡ ನಿಲ್ಲುವುದಿಲ್ಲ. 300 ಮಾತ್ರ ಕದಲದೆ ಹಾಗೇ ಇರುತ್ತದೆ.

ಭೌತಶಾಸ್ತ್ರ ಬಲ್ಲವರು ಇಲ್ಲಿ ಒಂದು ತಿದ್ದುಪಡಿ ಸೂಚಿಸಬಹುದು. ಸ್ಥಾನಪಲ್ಲಟ ನಿರುಪಯುಕ್ತ ಕಲ್ಪನೆಯೇನಲ್ಲ. ವೇಗವನ್ನು ದಿಕ್ಕಿನೊಂದಿಗೆ ಹೇಳಲು ಅದೇ ಬೇಕು. ಗುರುತ್ವದ ಎದುರು ಒಂದು ಮೂಟೆಯನ್ನು ಆಗುಂಬೆಗೆ ಏರಿಸಿದಾಗ ಆಗುವ ಕೆಲಸ ಎತ್ತರದ ವ್ಯತ್ಯಾಸವನ್ನಷ್ಟೇ ಅವಲಂಬಿಸಿದೆ, ಹದಿನಾಲ್ಕು ತಿರುವು ಹೊರಳಿ ಹೋದಿರೋ ನೆಟ್ಟಗೆ ಹತ್ತಿದಿರೋ ಗುರುತ್ವ ಕೇಳುವುದಿಲ್ಲ. ಒಪ್ಪೋಣ. ಆದರೆ ಘರ್ಷಣೆ ಕೇಳುತ್ತದೆ. ಘರ್ಷಣೆಯ ಎದುರು ಮಾಡುವ ಕೆಲಸ ದಾರಿಯ ಉದ್ದಕ್ಕೆ ತಕ್ಕಂತೆ ಏರುತ್ತದೆ. ಹೊರಟಲ್ಲಿಗೇ ಮರಳಿ ಬಂದರೆ ಅದು ಸೊನ್ನೆಯಾಗುವುದಿಲ್ಲ, ಎರಡರಷ್ಟಾಗುತ್ತದೆ. ಟೈರು ಸವೆಯುವುದು, ಚಪ್ಪಲಿ ಹರಿಯುವುದು, ಹೊತ್ತು ಕಳೆಯುವುದು, ಕೂಲಿ ತಪ್ಪುವುದು ಎಲ್ಲವೂ ಈ ಎರಡನೆಯ ಜಾತಿ. ಬೆಳಗ್ಗೆ ಶಾಲೆಗೆ ಹೋಗಿ ಸಂಜೆ ಮನೆಗೆ ಬಂದ ಮಗುವಿನ ಆ ದಿನದ ಸ್ಥಾನಪಲ್ಲಟ ಸೊನ್ನೆ. ತ್ರಿಜ್ಯದಲ್ಲಿ ಯೋಜನೆ ಮಾಡುವವರು ಘರ್ಷಣೆಯಿಲ್ಲದ ಲೋಕದಲ್ಲಿ ಯೋಜನೆ ಮಾಡುತ್ತಿದ್ದಾರೆ.

ಖರ್ಚಿನ ಆಕ್ಷೇಪ ಒಂದು ಕಾಲಕ್ಕೆ ಸರಿಯಿತ್ತು. ಪ್ರತಿ ಮನೆಯಿಂದ ಪ್ರತಿ ಶಾಲೆಗೆ ಸರಪಳಿ ಹಿಡಿದು ಅಳೆಯಲು ಯಾರಿಂದ ಆದೀತು? ಈಗ ಆ ನೆಪ ಉಳಿದಿಲ್ಲ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ವಿದ್ಯುತ್ ಮೀಟರ್ ಓದುವವರು ರಾಜ್ಯದ ಮನೆಮನೆಗೂ ಚೀಟಿ ಅಂಟಿಸಿ ಅದರ ಜಾಗವನ್ನು ಗುರುತಿಸಿದರು. ಶಾಲೆಗಳ, ಆಸ್ಪತ್ರೆಗಳ ಜಾಗ ನಕ್ಷೆಯಲ್ಲಿದೆ, ರಸ್ತೆಗಳೂ ಇವೆ. ನಕ್ಷೆಯಲ್ಲಿಲ್ಲದ ಕಾಲುದಾರಿ ಮಳೆಗಾಲದಲ್ಲಿ ಇರುತ್ತದೋ ಇಲ್ಲವೋ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಒಂದು ನಿಮಿಷದಲ್ಲಿ ಹೇಳುತ್ತಾರೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕಾಗಬಾರದು ಎಂದು ಚುನಾವಣಾ ಆಯೋಗ ಮತಗಟ್ಟೆಗಳನ್ನು ಹಂಚುವಾಗ ಇದೆಲ್ಲ ಸಾಧ್ಯವಾಗುತ್ತದೆ. ಮತವೂ ಜನರಿಂದ ಪಡೆಯುವ ವಸ್ತುವೇ ಆದ್ದರಿಂದ ಇದರಲ್ಲಿ ಅಚ್ಚರಿಯಿಲ್ಲ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮಾರ್ಗಸೂಚಿಯಂತೂ ಬಯಲಿನಲ್ಲಿ 500 ಮೀಟರ್ ಎಂದು ಬರೆದು, ಗುಡ್ಡಗಾಡಿಗೆ ಬಂದಾಗ ಒಂದೂವರೆ ಕಿಲೋಮೀಟರ್ ದಾರಿಯ ದೂರ ಎಂದು ಬಿಡಿಸಿಯೇ ಬರೆದಿದೆ. ಆ ಎರಡು ಪದ ಸೇರಿಸಲು ಯಾವ ಆಯೋಗವೂ ಬೇಕಾಗಿರಲಿಲ್ಲ.

ನೇರ ಗೆರೆಯನ್ನು ನಮಗೆ ದಾಟಿಸಿದ ಬ್ರಿಟನ್ ತನ್ನ ಮಕ್ಕಳ ವಿಷಯಕ್ಕೆ ಬಂದಾಗ ಅದನ್ನು ಬಿಟ್ಟುಕೊಟ್ಟಿತು. ಇಂಗ್ಲೆಂಡಿನ 1944ರ ಶಿಕ್ಷಣ ಕಾಯ್ದೆ ಎಂಟು ವರ್ಷದೊಳಗಿನವರಿಗೆ ಎರಡು ಮೈಲಿ, ಮೇಲಿನವರಿಗೆ ಮೂರು ಮೈಲಿ ನಡಿಗೆಯ ದೂರ ಎಂದು ಹೇಳಿ, ಅದನ್ನು ಸಿಗುವ ದಾರಿಗಳಲ್ಲಿ ಹತ್ತಿರದ್ದರ ಮೇಲೆ ಅಳೆಯಬೇಕು ಎಂದಿತು. ಸಿಗುವ ದಾರಿ ಎಂದರೆ ಯಾವುದು ಎಂಬ ವ್ಯಾಜ್ಯ 1986ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಪೀಠದವರೆಗೆ ಹೋಯಿತು. ಮಗುವು ಅಗತ್ಯವಿದ್ದರೆ ದೊಡ್ಡವರ ಜೊತೆ ತಕ್ಕಮಟ್ಟಿನ ಸುರಕ್ಷಿತತೆಯಿಂದ ನಡೆಯಬಲ್ಲ ದಾರಿ ಎಂದು ತೀರ್ಪಾಯಿತು. ದೊಡ್ಡವರ ಜೊತೆ ಎಂಬ ಆ ಸಡಿಲಿಕೆ ದಿನಗೂಲಿಯ ತಾಯಿಗೆ ನಿಲುಕುವಂಥದ್ದಲ್ಲ, ಅದನ್ನು ಇಲ್ಲಿಗೆ ತರುವುದು ಬೇಡ. ದಾರಿಯನ್ನು ಅಳೆಯಬೇಕೆಂಬ ಮಾತನ್ನಷ್ಟೇ ತಂದರೆ ಸಾಕು, ಅದಕ್ಕೆ ಕಡಲು ದಾಟಬೇಕಾಗಿಯೂ ಇಲ್ಲ. ಬೇರೆ ಉದ್ದೇಶ ಕಾಣಿಸದಿದ್ದರೆ ಎಂಬ ಷರತ್ತು ಆ 11ನೇ ಸೆಕ್ಷನ್ನಿನೊಳಗೇ ಇದೆ. ಉದ್ದೇಶವನ್ನು ನಿಯಮದಲ್ಲಿ ಕಾಣಿಸಿದರೆ ನೇರ ಗೆರೆ ತಾನಾಗಿ ಹಿಂದೆ ಸರಿಯುತ್ತದೆ. ಮಲೆನಾಡು, ಕರಾವಳಿ, ಹಿನ್ನೀರು ಪ್ರದೇಶಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದು ಲಿಖಿತ ಪ್ರಶ್ನೆ ಕೇಳಲಿ: ರಾಜ್ಯದ ಆದೇಶಗಳಲ್ಲಿ ತ್ರಿಜ್ಯ, ವ್ಯಾಪ್ತಿ, ಅಂತರ ಎಂದು ಬರುವ ಕಡೆಗಳಲ್ಲಿ ಜನ ನಡೆದು ಪಡೆಯಬೇಕಾದ ಸೇವೆಗಳು ಎಷ್ಟು, ಅವನ್ನು ಅಳೆಯುವುದು ಯಾವ ದಾರಿಯ ಮೇಲೆ? ಉತ್ತರ ಕೊಡಬೇಕಾದ ಇಲಾಖೆಯವರು ಅದನ್ನು ಸಿದ್ಧಪಡಿಸಲು ಬೆಂಗಳೂರಿಗೆ ಬಂದರೆ ಅವರ ಪ್ರಯಾಣ ಭತ್ಯೆಯನ್ನು ರಸ್ತೆಯ ಉದ್ದಕ್ಕೇ ಕೊಡಲಾಗುತ್ತದೆ.